ಟೈಮಿಂಗ್ ಬೆಲ್ಟ್: ಸದ್ದಿಲ್ಲದ ಪಟ್ಟಿಯೊಂದರ ಇತಿಹಾಸ

ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಜೇಮ್ಸ್ ವಾಟ್, ಹಾರ್‌ಗ್ರೀವ್ಸ್, ಆರ್ಕ್‌ರೈಟ್ ಎಂದು ಕರಿಹಲಗೆಯ ಮೇಲೆ ಹೆಸರುಗಳನ್ನು ಬರೆದು, ಎದುರಿಗೆ ಅವರು ನಿರ್ಮಿಸಿದ ಯಂತ್ರಗಳನ್ನು ಬರೆದು, 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ನಿಮ್ಮನ್ನೆಲ್ಲ ಸಿದ್ಧಗೊಳಿಸಿದವನು ನಾನು. ಯಂತ್ರಗಳ ಚರಿತ್ರೆಯೆಂದರೆ ಅವುಗಳನ್ನು ಕಂಡುಹಿಡಿದವರ ಚರಿತ್ರೆ ಎಂಬ ಭಾವನೆ ಆ ಪಾಠದಿಂದ ನಿಮ್ಮಲ್ಲಿ ಉಳಿದಿರಬಹುದು. ಆದರೆ ಯಂತ್ರವೊಂದು ಕಾರ್ಖಾನೆಯನ್ನು ಬಿಟ್ಟು ನಮ್ಮ ಮನೆಯಂಗಳಕ್ಕೆ ಬಂದು ನಿಂತ ಮೇಲೆ ಅದನ್ನು ಕಾಯುವ ಹೊಣೆ ಯಾರದು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಹೇಳುವುದಕ್ಕೆ ಮೋಟಾರು ಕಾರಿನ ಎಂಜಿನ್ನಿನಲ್ಲಿರುವ ಟೈಮಿಂಗ್ ಬೆಲ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುತ್ತಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿ ಈಗ ಹತ್ತು, ಹದಿನೈದು ವರ್ಷ ಹಳೆಯ ಕಾರುಗಳಿವೆ. 'ಬೆಲ್ಟ್ ಬದಲಿಸಬೇಕಂತೆ, ಮನೆಯಲ್ಲೇ ಮಾಡಿಸಬಹುದೇ, ಇಷ್ಟೊಂದು ಖರ್ಚು ಏಕೆ' ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಆ ಪ್ರಶ್ನೆಗಳಿಗೆ ಉತ್ತರ ಚರಿತ್ರೆಯಲ್ಲೇ ಇದೆ.

ಮೊದಲು ಈ ಬೆಲ್ಟಿನ ಕೆಲಸವೇನೆಂದು ನೋಡೋಣ. ಜರ್ಮನಿಯ ನಿಕೋಲಾಸ್ ಆಟೋ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ ನಮ್ಮ ಪೆಟ್ರೋಲ್ ಕಾರುಗಳಿಗೆ ಮೂಲ. ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದಬ್ಬುವುದು, ಇವು ನಾಲ್ಕು ಹೊಡೆತಗಳು. ಈ ನಾಲ್ಕೂ ಮುಗಿಯುವಷ್ಟರಲ್ಲಿ ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುತ್ತದೆ. ಗಾಳಿಯ ಬಾಗಿಲು ಮತ್ತು ಹೊಗೆಯ ಬಾಗಿಲುಗಳಾದ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಎರಡಕ್ಕೆ ಒಂದು ಎಂಬ ಈ ಲೆಕ್ಕ ಒಂದು ಹಲ್ಲಿನಷ್ಟೂ ತಪ್ಪಕೂಡದು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಕ್ಯಾಮ್ ಶಾಫ್ಟ್ 1,500 ಸುತ್ತು ತಿರುಗುತ್ತದೆ. ಅಂದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಮೇಲಿನ ಶಾಫ್ಟನ್ನೂ ಕೆಳಗಿನ ಶಾಫ್ಟನ್ನೂ ಈ ತಾಳದಲ್ಲಿ ಹಿಡಿದಿಡುವುದೇ ಟೈಮಿಂಗ್ ಬೆಲ್ಟಿನ ಕೆಲಸ.

ತಾಳ ತಪ್ಪಿದರೆ ಏನಾಗುತ್ತದೆ? ನಮ್ಮ ಹಳ್ಳಿಯ ಮನೆಗಳಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರಾದವರು ನೋಡಿರುತ್ತೀರಿ. ಒಬ್ಬರ ಒನಕೆ ಮೇಲೇಳುವಾಗ ಇನ್ನೊಬ್ಬರದು ಕೆಳಗಿಳಿಯುತ್ತಿತ್ತು. ಒರಳು ಒಂದೇ, ಜಾಗವೂ ಒಂದೇ. ಆದರೆ ಹೊತ್ತು ಬೇರೆ ಬೇರೆಯಾದ್ದರಿಂದ ಒನಕೆಗೆ ಒನಕೆ ತಾಗುತ್ತಿರಲಿಲ್ಲ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವುಗಳ ಸಂಬಂಧವೂ ಇದೇ. ವಾಲ್ವು ಕೆಳಗಿಳಿದು ಬರುವ ಜಾಗಕ್ಕೇ ಪಿಸ್ಟನ್ ಇನ್ನೊಂದು ಹೊತ್ತಿನಲ್ಲಿ ಏರಿ ಬರುತ್ತದೆ. ಬೆಲ್ಟ್ ಹರಿದರೆ ಕ್ಯಾಮ್ ಶಾಫ್ಟ್ ಇದ್ದಲ್ಲೇ ನಿಲ್ಲುತ್ತದೆ, ತೆರೆದ ವಾಲ್ವು ತೆರೆದೇ ಇರುತ್ತದೆ, ವೇಗದಲ್ಲಿದ್ದ ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತದೆ. ಕ್ಷಣಮಾತ್ರದಲ್ಲಿ ವಾಲ್ವುಗಳು ಬಾಗುತ್ತವೆ. ಕೆಲವೊಮ್ಮೆ ಪಿಸ್ಟನ್ನೂ ಒಡೆಯುತ್ತದೆ. ಒತ್ತಡ ಹೆಚ್ಚಿರುವ ಡೀಸೆಲ್ ಎಂಜಿನ್‌ಗಳಲ್ಲಿ ಜಾಗ ಇನ್ನೂ ಇಕ್ಕಟ್ಟಾದ್ದರಿಂದ ಅಪಾಯವೂ ಹೆಚ್ಚು. ಎಲ್ಲ ಎಂಜಿನ್‌ಗಳೂ ಹೀಗಿಲ್ಲ. ಕೆಲವುಗಳಲ್ಲಿ ನಡುವೆ ಅಂತರವಿದ್ದು, ಬೆಲ್ಟ್ ಹರಿದರೆ ಎಂಜಿನ್ ಸುಮ್ಮನೆ ನಿಲ್ಲುತ್ತದೆ. ಆದರೆ ಸುಮ್ಮನೆ ನಿಲ್ಲುವುದೂ ಚಾರ್ಮಾಡಿ ಘಾಟಿಯ ತಿರುವಿನಲ್ಲಾದರೆ ಸಣ್ಣ ಮಾತಲ್ಲ. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುತ್ತಿದ್ದ ನೆರವು ಹೋಗುತ್ತದೆ.

ಮೊದಲ ಎಂಜಿನ್‌ಗಳಲ್ಲಿ ಬೆಲ್ಟ್ ಇರಲಿಲ್ಲ. ಹಲ್ಲುಚಕ್ರಗಳು ಅಥವಾ ಉಕ್ಕಿನ ಸರಪಳಿ ಆ ಕೆಲಸವನ್ನು ಮಾಡುತ್ತಿದ್ದವು. ನಮ್ಮ ತಲೆಮಾರಿನವರು ಕಂಡ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟ್ ಕೆಳಗೆ, ಕ್ರ್ಯಾಂಕಿನ ಹತ್ತಿರವೇ ಇತ್ತು. ಗಿಡ್ಡ ಸರಪಳಿಯೊಂದು ಎರಡನ್ನೂ ಕೂಡಿಸುತ್ತಿತ್ತು. ಕ್ಯಾಮಿನಿಂದ ಉದ್ದದ ಕಡ್ಡಿಗಳು ಮೇಲೆ ಹೋಗಿ ವಾಲ್ವುಗಳನ್ನು ಒತ್ತುತ್ತಿದ್ದವು. ಸರಪಳಿ ಎಣ್ಣೆಯಲ್ಲಿ ಮಿಂದುಕೊಂಡು ಬಹುಕಾಲ ಬಾಳುತ್ತಿತ್ತು, ಸವೆದಾಗ ಗಲಗಲ ಸದ್ದು ಮಾಡಿ ಮುನ್ಸೂಚನೆ ಕೊಡುತ್ತಿತ್ತು. ಎಂಜಿನ್ ಇನ್ನಷ್ಟು ವೇಗವಾಗಿ ತಿರುಗಬೇಕೆಂದಾಗ ಆ ಉದ್ದದ ಕಡ್ಡಿಗಳ ಭಾರವೇ ಅಡ್ಡಿಯಾಯಿತು. ಕ್ಯಾಮ್ ಶಾಫ್ಟನ್ನೇ ಮೇಲಕ್ಕೆ, ವಾಲ್ವುಗಳ ನೆತ್ತಿಯ ಮೇಲಕ್ಕೆ ಕೊಂಡೊಯ್ದರೆ ಕಡ್ಡಿಗಳೇ ಬೇಡ. ಆದರೆ ಆಗ ಎರಡು ಶಾಫ್ಟುಗಳ ನಡುವಿನ ದೂರ ಬೆಳೆಯಿತು. ಅಷ್ಟು ದೂರಕ್ಕೆ ಹಲ್ಲುಚಕ್ರಗಳ ಸಾಲು ಹೂಡುವುದು ದುಬಾರಿ, ಉದ್ದನೆಯ ಸರಪಳಿ ಹಾಕಿದರೆ ಗದ್ದಲ. ಈ ತೊಡಕಿಗೆ ಪರಿಹಾರ ಬಂದದ್ದು ಮೋಟಾರು ಉದ್ಯಮದ ಹೊರಗಿನಿಂದ.

ಬೆಲ್ಟ್ ಎಂಬುದು ನಮಗೆ ಹೊಸದಲ್ಲ. ಅಕ್ಕಿ ಗಿರಣಿಯಲ್ಲಿ ಮೋಟಾರಿನಿಂದ ಯಂತ್ರಕ್ಕೆ ಓಡುತ್ತಿದ್ದ ಅಗಲವಾದ ಚಪ್ಪಟೆ ಪಟ್ಟಿಯನ್ನು ಎಲ್ಲರೂ ನೋಡಿದ್ದೇವೆ. ಅದು ಜಾರುತ್ತದೆಂದು ಗಿರಣಿಯವನು ಆಗಾಗ ರಾಳದ ಪುಡಿ ಹಾಕುತ್ತಿದ್ದ. ಅಮೆರಿಕದ ಡೆನ್ವರ್ ನಗರದಲ್ಲಿ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ-ಬೆಲ್ಟ್ ರೂಪಿಸಿದ ಮೇಲೆ ಜಾರುವುದು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಅಕ್ಕಿ ಗಿರಣಿಗೆ ಸ್ವಲ್ಪ ಜಾರಿದರೆ ನಷ್ಟವಿಲ್ಲ. ಹೊಲಿಗೆ ಯಂತ್ರಕ್ಕೆ ಉಂಟು. ಮೇಲಿನ ಸೂಜಿ ಇಳಿದ ಗಳಿಗೆಯಲ್ಲೇ ಕೆಳಗಿನ ಕೊಕ್ಕೆ ಬಂದು ದಾರವನ್ನು ಹಿಡಿಯದಿದ್ದರೆ ಹೊಲಿಗೆ ಬೀಳುವುದೇ ಇಲ್ಲ. ಹೀಗೆ ಜಾರದ ಬೆಲ್ಟ್ ಬೇಕೆಂಬ ಒತ್ತಾಯದಿಂದ 1940ರ ದಶಕದಲ್ಲಿ ಅಮೆರಿಕದಲ್ಲಿ ಒಳಮೈಗೆ ಹಲ್ಲುಗಳಿರುವ ರಬ್ಬರ್ ಬೆಲ್ಟ್ ರೂಪುಗೊಂಡಿತು. ಹೊಲಿಗೆ ಯಂತ್ರ ಅದರ ಮೊದಮೊದಲ ಬಳಕೆಗಳಲ್ಲೊಂದು. ಗಿಲ್ಮರ್ ಬೆಲ್ಟ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಪಟ್ಟಿಯ ಹೊಟ್ಟೆಯೊಳಗೆ ಹಿಗ್ಗದ ಹುರಿಗಳು, ಮೇಲೆ ರಬ್ಬರು, ಹಲ್ಲುಗಳ ಮೇಲೆ ಸವೆತ ತಡೆಯುವ ಬಟ್ಟೆ, ಇದು ಅದರ ರಚನೆ. ಹುರಿಗೆ ಗಾಜಿನ ನಾರು, ಬಟ್ಟೆಗೆ ನೈಲಾನ್, ರಬ್ಬರಿಗೆ ಎಣ್ಣೆ ಮತ್ತು ಬಿಸಿಯನ್ನು ತಾಳುವ ಕೃತಕ ರಬ್ಬರು ಬಂದಂತೆಲ್ಲ ಅದರ ಆಯುಸ್ಸು ಹೆಚ್ಚಿತು.

ಕಾರಿಗೆ ಈ ಬೆಲ್ಟ್ ಮೊದಲು ಬಂದದ್ದು ಪಂದ್ಯದ ಮೈದಾನದಲ್ಲಿ. ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ಎಂಬಾತ 1954ರಲ್ಲಿ ಫ್ರಾನ್ಸಿನ ಪ್ಯಾನಾರ್ ಕಾರನ್ನಾಧರಿಸಿ ಕಟ್ಟಿದ ರೇಸ್ ಕಾರಿನಲ್ಲಿ ಹಲ್ಲಿನ ಬೆಲ್ಟನ್ನು ಬಳಸಿದ. ಆ ಕಾರು 1956ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ತನ್ನ ವರ್ಗದ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಸಾಮಾನ್ಯರು ಕೊಳ್ಳುವ ಕಾರಿಗೆ ಅದನ್ನು ತಂದ ಕೀರ್ತಿ ಯಾವ ದೊಡ್ಡ ಕಂಪನಿಗೂ ಸೇರಿದ್ದಲ್ಲ. ಜರ್ಮನಿಯ ಬವೇರಿಯಾದಲ್ಲಿ ಡಿಂಗೊಲ್ಫಿಂಗ್ ಎಂಬ ಊರು. ಅಲ್ಲಿ ಹನ್ಸ್ ಗ್ಲಾಸ್ ಎಂಬವರ ಕಾರ್ಖಾನೆ. ಅವರ ಮೂಲ ಕಸುಬು ಬಿತ್ತನೆಯ ಯಂತ್ರಗಳನ್ನು ಮಾಡುವುದು, ಅಂದರೆ ನಮ್ಮ ಕೂರಿಗೆಯ ಯಂತ್ರರೂಪ. ಯುದ್ಧಾನಂತರ ಸ್ಕೂಟರ್ ಮಾಡಿದರು, 1955ರಿಂದ ಗಾಗೊಮೊಬಿಲ್ ಎಂಬ ಪುಟ್ಟ ಕಾರನ್ನು ಮಾಡಿದರು. ಅವರು 1962ರಲ್ಲಿ ಮಾರುಕಟ್ಟೆಗೆ ತಂದ ಗ್ಲಾಸ್ 1004 ಎಂಬ ಕಾರೇ ಟೈಮಿಂಗ್ ಬೆಲ್ಟ್ ಹೊತ್ತು ಬಂದ ಮೊದಲ ಸಾರ್ವಜನಿಕ ಕಾರು. ಅದರ ಎಂಜಿನ್ ಒಂದು ಲೀಟರಿಗಿಂತ ತುಸು ಚಿಕ್ಕದು. ಕೂರಿಗೆ ಮಾಡುವವರು ಹೊಲಿಗೆ ಯಂತ್ರದ ಬೆಲ್ಟನ್ನು ತಂದು ಕಾರಿಗೆ ಹಾಕಿದರೆಂದು ಹೇಳಿದರೆ ಅತಿಶಯವಾಗದು. ಆ ಕಂಪನಿ ಬಹುಕಾಲ ಉಳಿಯಲಿಲ್ಲ. 1966ರಲ್ಲಿ ಬಿಎಂಡಬ್ಲ್ಯು ಅದನ್ನು ಕೊಂಡುಕೊಂಡಿತು. ಆದರೆ ಅದೇ ವರ್ಷ ಅಮೆರಿಕದಲ್ಲಿ ಪಾಂಟಿಯಾಕ್ ಕಂಪನಿಯ ಆರು ಸಿಲಿಂಡರಿನ ಎಂಜಿನ್ನಿಗೂ, ಇಟಲಿಯಲ್ಲಿ ಔರೇಲಿಯೊ ಲಾಂಪ್ರೆಡಿ ರೂಪಿಸಿದ ಫಿಯಟ್ ಎಂಜಿನ್ನಿಗೂ ಬೆಲ್ಟ್ ಬಂದಿತು. ಲಾಂಪ್ರೆಡಿ ಹಿಂದೆ ಫೆರಾರಿಯ ರೇಸ್ ಕಾರುಗಳಿಗೆ ಎಂಜಿನ್ ರೂಪಿಸಿದವರು. ಎಪ್ಪತ್ತರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಮುಂತಾದ ಕಂಪನಿಗಳು ಅದೇ ದಾರಿ ಹಿಡಿದವು. ಅಗ್ಗ, ಹಗುರ, ಸದ್ದಿಲ್ಲ, ಎಣ್ಣೆ ಬೇಡ. ಇಷ್ಟು ಗುಣಗಳಿರುವಾಗ ಬೇಡವೆನ್ನುವವರು ಯಾರು?

ನಮ್ಮ ದೇಶದ ಮಧ್ಯಮವರ್ಗದ ಮನೆಗಳಿಗೆ ಬೆಲ್ಟ್ ಹೊಕ್ಕದ್ದು ಮಾರುತಿ 800ರ ಮೂಲಕ. ಅದರ ಮೊದಲ ಕಾರಿನ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. 796 ಸಿಸಿಯ ಆ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟ್ ಮೇಲಿತ್ತು, ಅದನ್ನು ಬೆಲ್ಟ್ ತಿರುಗಿಸುತ್ತಿತ್ತು. ಅಂಬಾಸಿಡರಿನ ಗುಡುಗಿಗೆ ಒಗ್ಗಿದ್ದ ನಮ್ಮ ಕಿವಿಗೆ ಮಾರುತಿ ಓಡುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಈ ಮೌನದೊಂದಿಗೇ ಒಂದು ಹೊಸ ಕರಾರು ಬಂದಿತು. ಸರಪಳಿಗೆ ಸಾಮಾನ್ಯವಾಗಿ ಎಂಜಿನ್ನಿನ ಆಯುಸ್ಸೇ ತನ್ನ ಆಯುಸ್ಸು. ಬೆಲ್ಟಿಗೆ ಮಾತ್ರ ಹುಟ್ಟುವಾಗಲೇ ಗಡುವು. ತಯಾರಕರ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಒಂದು ಅಂದಾಜು ಲೆಕ್ಕ ಮಾಡೋಣ. ಮೇಲಿನ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಒಂದು ಕಿಲೋಮೀಟರಾದ್ದರಿಂದ ಲಕ್ಷ ಕಿಲೋಮೀಟರಿಗೆ 25 ಕೋಟಿ ಸುತ್ತು. ಕ್ರ್ಯಾಂಕಿನ ಹಲ್ಲುಚಕ್ರಕ್ಕೆ 20 ಹಲ್ಲು, ಬೆಲ್ಟಿಗೆ 100 ಹಲ್ಲು ಇದ್ದರೆ ಬೆಲ್ಟಿನ ಪ್ರತಿಯೊಂದು ಹಲ್ಲೂ 5 ಕೋಟಿ ಸಲ ಆ ಚಕ್ರವನ್ನು ಬಳಸಿ ಬಂದಿರುತ್ತದೆ. ಅಷ್ಟು ಸಲ ಬಾಗಿದ ಹುರಿ ಎಂದಾದರೊಂದು ದಿನ ಸೋಲಲೇಬೇಕು. ಸೋಲುವ ಮುನ್ನ ಅದು ಹೇಳುವುದಿಲ್ಲ. ಬ್ರೇಕು ಸವೆದರೆ ಕಿರುಗುಟ್ಟುತ್ತದೆ, ಬ್ಯಾಟರಿ ಸೋತರೆ ಬೆಳಿಗ್ಗೆ ತಿಣುಕುತ್ತದೆ. ಬೆಲ್ಟ್ ಮಾತ್ರ ಕೊನೆಯ ಸುತ್ತಿನವರೆಗೂ ಮೊದಲ ದಿನದಂತೆಯೇ ದುಡಿದು ಒಮ್ಮೆಲೇ ಹರಿಯುವುದುಂಟು. ಕಾರು ಹೆಚ್ಚು ಓಡಿಲ್ಲವಲ್ಲ ಎಂಬ ಸಮಾಧಾನವೂ ಸಲ್ಲದು. ನನ್ನಂಥ ನಿವೃತ್ತರ ಕಾರು ಬ್ಯಾಂಕಿಗೆ, ದೇವಸ್ಥಾನಕ್ಕೆ, ವರ್ಷಕ್ಕೆರಡು ಮದುವೆಗೆ ಹೋಗಿ ಬಂದರೆ ಹೆಚ್ಚು. ಆದರೂ ಬಿಸಿಲಿಗೆ, ಎಂಜಿನ್ನಿನ ಕಾವಿಗೆ ರಬ್ಬರಿನ ವಯಸ್ಸು ಏರುತ್ತಲೇ ಇರುತ್ತದೆ. ಹೀಗೆ ಒಂದು ಪಟ್ಟಿಯ ಬದಲಾವಣೆಯಿಂದ ಎಂಜಿನ್ನಿನ ಅಳಿವು ಉಳಿವಿನ ಹೊಣೆ ತಯಾರಕರ ಕೈಯಿಂದ ಒಡೆಯನ ನೆನಪಿನ ಕೈಗೆ ದಾಟಿತು.

ಒಡೆಯನಿಗೆ ಹೊಣೆ ಬಂದಿತು, ತಿಳಿವಳಿಕೆ ಎಲ್ಲಿಂದ ಬರಬೇಕು? ಇಲ್ಲಿ ಜಾನ್ ಹೇನ್ಸ್ ಅವರನ್ನು ನೆನೆಯಬೇಕು. ಅವರು 1938ರಲ್ಲಿ ಸಿಲೋನಿನಲ್ಲಿ, ಇಂದಿನ ಶ್ರೀಲಂಕಾದಲ್ಲಿ, ಚಹಾ ತೋಟ ನೋಡಿಕೊಳ್ಳುತ್ತಿದ್ದವರ ಮಗನಾಗಿ ಹುಟ್ಟಿದರು. ಇಂಗ್ಲೆಂಡಿನ ಶಾಲೆಯಲ್ಲಿ ಓದುತ್ತಿದ್ದಾಗ ಆಟದ ಹೊತ್ತಿನಲ್ಲಿ ರಗ್ಬಿಗೆ ಹೋಗದೆ ಹಳೆಯ ಆಸ್ಟಿನ್ 7 ಕಾರೊಂದನ್ನು ಬಿಚ್ಚಿ ಹೊಸ ರೂಪದಲ್ಲಿ ಕಟ್ಟಲು ಅನುಮತಿ ಪಡೆದರು. ತಾನು ಮಾಡಿದ್ದನ್ನೇ 1956ರಲ್ಲಿ ಸಣ್ಣ ಪುಸ್ತಿಕೆಯಾಗಿ ಬರೆದರು. 250 ಪ್ರತಿಗಳು ಹತ್ತು ದಿನಗಳಲ್ಲಿ ಮಾರಾಟವಾದವು. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ದುರಸ್ತಿ ಮಾಡಬೇಕಾಯಿತು. ಕಂಪನಿಯ ಕೈಪಿಡಿ ಸಾಮಾನ್ಯನಿಗೆ ಅರ್ಥವಾಗುವಂತಿರಲಿಲ್ಲ. ಹೇನ್ಸ್ ಇಡೀ ಎಂಜಿನ್ ಬಿಚ್ಚಿದರು, ಹಂತಹಂತಕ್ಕೂ ಛಾಯಾಚಿತ್ರ ತೆಗೆದರು, ಮರಳಿ ಜೋಡಿಸಿದರು. 1966ರಲ್ಲಿ ಹೊರಬಂದ ಆ ಕೈಪಿಡಿಯ ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಮುಗಿದವು. ಕಾರನ್ನು ನಿಜವಾಗಿ ಬಿಚ್ಚಿ ಜೋಡಿಸಿದ ಮೇಲೆಯೇ ಪುಸ್ತಕ ಬರೆಯುವ ಪದ್ಧತಿ ಅಲ್ಲಿಂದ ಬೆಳೆಯಿತು. ತಾನು ಮಾಡಿ ನೋಡದ್ದನ್ನು ಕಲಿಸಬಾರದೆಂಬ ಈ ನಿಯಮವನ್ನು ಬಿ.ಎಡ್. ತರಗತಿಯಲ್ಲಿ ನಮಗೂ ಹೇಳುತ್ತಿದ್ದರು. ಪಾಲಿಸಿದವರು ಎಷ್ಟು ಮಂದಿಯೋ! ಹೇನ್ಸ್ 2019ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಸ್ಥೆ ಹೊಸ ಕಾರುಗಳಿಗೆ ಮುದ್ರಿತ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಮನೆಯಂಗಳದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಪುಟ್ಟ ಕಾರಿನ ಬೆಲ್ಟಿನ ಗಡುವು ಸಮೀಪಿಸಿದಾಗ, ಗ್ಯಾರೇಜು ನಡೆಸುತ್ತಿರುವ ಹಳೆಯ ಶಿಷ್ಯನೊಬ್ಬ ಒಂದು ಭಾನುವಾರ ಮನೆಗೇ ಬಂದ. ಪಾನಾ ಎತ್ತಿಕೊಡುವುದು ನನ್ನ ಪಾಲಿನ ಕೆಲಸ. ರಾತ್ರಿಯಿಡೀ ತಣ್ಣಗಾಗಿದ್ದ ಎಂಜಿನ್, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದ್ದು, ಜಾಕಿನ ಜೊತೆಗೆ ಭದ್ರವಾದ ಸ್ಟ್ಯಾಂಡು. ಹೊರಗಿನ ಬೆಲ್ಟುಗಳನ್ನೂ ಕ್ರ್ಯಾಂಕಿನ ಪುಲ್ಲಿಯನ್ನೂ ಬಿಚ್ಚಿ, ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಬೆಲ್ಟ್ ಕಾಣಿಸಿತು. ಬಿರುಕಿಲ್ಲ, ಹಲ್ಲು ಮುರಿದಿಲ್ಲ. ಅವನು ನನ್ನ ಮುಖ ನೋಡಿ ನಕ್ಕ: "ಚೆನ್ನಾಗೇ ಇದೆ ಅನ್ನಿಸ್ತಿದೆ ಅಲ್ವಾ ಮೇಷ್ಟ್ರೇ? ಎಲ್ಲರೂ ಇದನ್ನ ನೋಡಿನೇ ಮೋಸ ಹೋಗೋದು. ಇದರ ಒಳಗಿನ ದಾರ ನಮ್ಮ ಕಣ್ಣಿಗೆ ಕಾಣೋದಿಲ್ಲ. ಅದಕ್ಕೇ ತಾರೀಕು ನೋಡ್ಬೇಕು, ಬೆಲ್ಟ್ ನೋಡಬಾರ್ದು."

ಇದು ಇತಿಹಾಸದ ಮೇಷ್ಟರಿಗೆ ಶಿಷ್ಯ ಹೇಳಿದ ಪಾಠ! ಅವನು ಅಷ್ಟಕ್ಕೇ ನಿಲ್ಲಲಿಲ್ಲ. ವಾಟರ್ ಪಂಪಿನ ಅಡಿಯಲ್ಲಿದ್ದ ಸಣ್ಣ ರಂಧ್ರವನ್ನು ಟಾರ್ಚು ಹಿಡಿದು ತೋರಿಸಿದ. ಅಲ್ಲಿ ಒಣಗಿದ ಕೂಲೆಂಟಿನ ಕಲೆಯಿತ್ತು. ಒಳಗಿನ ಸೀಲು ಸೋಲತೊಡಗಿದೆ ಎಂಬುದಕ್ಕೆ ಅದೇ ಗುರುತು. ಅನೇಕ ಎಂಜಿನ್‌ಗಳಲ್ಲಿ ಈ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಪಂಪಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಕಥೆಯೂ ಅದೇ. ಕ್ಯಾಮ್ ಮತ್ತು ಕ್ರ್ಯಾಂಕ್ ಶಾಫ್ಟುಗಳ ತುದಿಯ ಆಯಿಲ್ ಸೀಲುಗಳು ಸೋರಿದರೆ ಎಣ್ಣೆ ತಾಗಿ ರಬ್ಬರು ಕೊಳೆಯುತ್ತದೆ. ಹೊಸ ಎತ್ತಿನ ಜೊತೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದಂತಾಗಬಾರದೆಂದು ಇವೆಲ್ಲವನ್ನೂ ಒಟ್ಟಿಗೇ ಬದಲಿಸುವುದು ರೂಢಿ. ಖರ್ಚು ಏಕೆ ಹೆಚ್ಚೆಂದು ಕೇಳಿದವರಿಗೆ ಇದೇ ಉತ್ತರ. ಬಿಡಿಭಾಗಗಳ ಬೆಲೆಗಿಂತ ಅಲ್ಲಿಯವರೆಗೆ ಬಿಚ್ಚಿ ಹೋಗುವ ಶ್ರಮವೇ ದೊಡ್ಡದು. ಅದನ್ನು ಎರಡು ಸಲ ಮಾಡುವುದು ಜಾಣತನವಲ್ಲ.

ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಿದರೆ ರಿಪೇರಿ ಮುಗಿಯಿತೆಂದು ನಾವು ತಿಳಿಯುತ್ತೇವೆ. ಬೆಲ್ಟಿನ ಕೆಲಸದಲ್ಲಿ ಅದು ಸಾಲದು. ತೆಗೆಯುವ ಮುನ್ನವೇ ಎಂಜಿನ್ನನ್ನು ಕೈಯಿಂದ ತಿರುಗಿಸಿ, ಹಲ್ಲುಚಕ್ರಗಳ ಮೇಲಿನ ಗುರುತುಗಳನ್ನು ಎಂಜಿನ್ನಿನ ಮೈಮೇಲಿನ ಗುರುತುಗಳಿಗೆ ಹೊಂದಿಸಿಕೊಳ್ಳಬೇಕು. ಬೆಲ್ಟ್ ಇಲ್ಲದ ಹೊತ್ತಿನಲ್ಲಿ ಎರಡು ಶಾಫ್ಟುಗಳನ್ನೂ ಮನಸ್ಸಿಗೆ ಬಂದಂತೆ ತಿರುಗಿಸಕೂಡದು. ಹೊಸ ಬೆಲ್ಟನ್ನು ಮಡಿಸಬಾರದು, ಎಣ್ಣೆಗೈಯಿಂದ ಮುಟ್ಟಬಾರದು. ಹಾಕಿ ಬಿಗಿಗೊಳಿಸಿದ ಮೇಲೆ ಕೀಲಿಕೈಗೆ ಕೈ ಹಾಕದೆ, ಪಾನಾದಿಂದ ಕ್ರ್ಯಾಂಕನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ಎರಡೇ ಸುತ್ತು ಏಕೆ? ಆಟೋನ ಲೆಕ್ಕ! ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮಿನ ಒಂದು ಸುತ್ತು ಪೂರ್ಣವಾಗುತ್ತದೆ. 1876ರ ನಿಯಮವನ್ನು ನನ್ನ ಶಿಷ್ಯ ನಮ್ಮ ಮನೆಯ ಹಲಸಿನ ಮರದ ನೆರಳಿನಲ್ಲಿ ಪರೀಕ್ಷಿಸುತ್ತಿದ್ದ. ತಿರುಗಿಸುವಾಗ ಎಲ್ಲಾದರೂ ತಡೆ ಬಂದರೆ ಅಲ್ಲಿಗೇ ನಿಲ್ಲಿಸಬೇಕಂತೆ, ಬಲ ಹಾಕಬಾರದಂತೆ. ಒಂದೊಂದು ಎಂಜಿನ್ನಿಗೆ ಒಂದೊಂದು ಕ್ರಮ, ಕೆಲವಕ್ಕೆ ವಿಶೇಷ ಉಪಕರಣವೇ ಬೇಕು. ಆದ್ದರಿಂದ ನಿಮ್ಮ ಕಾರಿನ ಕೈಪಿಡಿಯಾಗಲಿ, ಆ ಎಂಜಿನ್ ಬಲ್ಲವರಾಗಲಿ ಜೊತೆಗಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹೀಗೆ ಬಲ್ಲವರು ಮನೆಯಲ್ಲೇ, ಬೀದಿಬದಿಯ ಗ್ಯಾರೇಜಿನಲ್ಲೇ ದುರಸ್ತಿ ಮಾಡುವ ಅವಕಾಶ ತಾನಾಗಿಯೇ ಉಳಿಯುವಂಥದ್ದಲ್ಲ. ಬಿಡಿಭಾಗ, ಕೈಪಿಡಿ, ಉಪಕರಣಗಳು ಸಿಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಈ ಹಕ್ಕಿನ ಪರವಾಗಿ ಮತ ನೀಡಿದರು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಬಿಡಿಭಾಗಗಳೂ ದುರಸ್ತಿಯ ಮಾಹಿತಿಯೂ ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಅವು ತಡೆದಿದ್ದವೆಂಬುದು ಆಯೋಗದ ತೀರ್ಮಾನ. ಪ್ರಕರಣ ಮೇಲಿನ ನ್ಯಾಯಾಲಯಗಳಿಗೆ ಹೋಯಿತಾದರೂ ಪ್ರಶ್ನೆ ದಾಖಲಾಯಿತು. ಹೊಣೆ ಒಡೆಯನದಾದ ಮೇಲೆ ತಿಳಿವಳಿಕೆಯೂ ಅವನಿಗೆ ದಕ್ಕಬೇಕಲ್ಲವೇ?

ಬೆಲ್ಟಿನ ಕಾಲವೂ ಈಗ ಇಳಿಮುಖವಾಗಿದೆ. ಹೊಸ ಶತಮಾನದಲ್ಲಿ ಅನೇಕ ಕಂಪನಿಗಳು ಸುಧಾರಿಸಿದ ಸರಪಳಿಗೆ ಮರಳಿದವು. ಮಾರುತಿಯಲ್ಲೂ 2008ರಲ್ಲಿ ಬಂದ ಕೆ ಸರಣಿಯ ಎಂಜಿನ್ನಿಗೆ ಸರಪಳಿಯೇ. ಸರಪಳಿಯೂ ಅಮರವಲ್ಲ, ಎಣ್ಣೆ ಬದಲಿಸದಿದ್ದರೆ ಅದೂ ಹಿಗ್ಗುತ್ತದೆ. ಇನ್ನು ಕೆಲವರು ಬೆಲ್ಟನ್ನೇ ಎಣ್ಣೆಯೊಳಗೆ ಓಡಿಸುವ ಪ್ರಯೋಗ ಮಾಡಿದರು. ಯೂರೋಪಿನ ಪ್ಯೂರ್‌ಟೆಕ್ 1.2 ಲೀಟರ್ ಎಂಜಿನ್ನಿನಲ್ಲಿ ಹೀಗೆ ಮಿಂದ ಬೆಲ್ಟಿನ ರಬ್ಬರು ಚೂರಾಗಿ ಎಣ್ಣೆಯ ದಾರಿಯನ್ನೇ ಕಟ್ಟಿದ ದೂರುಗಳು ಬಂದು, 2024ರಲ್ಲಿ ಸ್ಟೆಲಾಂಟಿಸ್ ಕಂಪನಿ ಅದರ ಖಾತರಿಯನ್ನು 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ವಿಸ್ತರಿಸಬೇಕಾಯಿತು. ವಿದ್ಯುತ್ ಕಾರಿನಲ್ಲಂತೂ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಟೈಮಿಂಗ್ ಬೆಲ್ಟಿನ ಮಾತೇ ಇಲ್ಲ. ನಿಮ್ಮ ಮೊಮ್ಮಕ್ಕಳಿಗೆ ಈ ಬರಹದ ಅರ್ಧ ಭಾಗ ಒರಳು ಒನಕೆಯ ಕಥೆಯಂತೆಯೇ ಕೇಳಿಸಬಹುದು.

ಆದರೆ ಇನ್ನೂ ಎಷ್ಟೋ ವರ್ಷ ನಮ್ಮ ರಸ್ತೆಗಳಲ್ಲಿ ಬೆಲ್ಟ್ ಹೊತ್ತ ಹಳೆಯ ಕಾರುಗಳು ಓಡುತ್ತವೆ, ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತವೆ. ಹಾಗೆ ಕೈ ಬದಲಾಗುವಾಗ ಕಳೆದುಹೋಗುವುದು ನೆನಪು. ಬೆಲ್ಟ್ ಯಾವಾಗ ಹಾಕಿದ್ದು ಎಂಬುದು ಮಾರಿದವನಿಗೆ ಮರೆತಿರುತ್ತದೆ, ಕೊಂಡವನಿಗೆ ತಿಳಿದಿರುವುದಿಲ್ಲ, ಬೆಲ್ಟಂತೂ ಹೇಳುವುದಿಲ್ಲ. ಅರಸರು ಶಾಸನ ಹಾಕಿಸಿ ಕಾಲವನ್ನು ಕಲ್ಲಿನಲ್ಲಿ ಬರೆಸಿದ್ದು ಏಕೆಂದು ತರಗತಿಯಲ್ಲಿ ಕೇಳುತ್ತಿದ್ದೆ. ಹೇಳುವವರು ಇಲ್ಲವಾದಾಗಲೂ ವಿಷಯ ಉಳಿಯಲಿ ಎಂದು. ನಿಮ್ಮ ಕಾರಿಗೂ ಅಂಥ ಒಂದು ಶಾಸನ ಬೇಕು. ಬೆಲ್ಟ್ ಬದಲಿಸಿದ ದಿನ, ಆಗಿನ ಕಿಲೋಮೀಟರು, ಜೊತೆಗೆ ಬದಲಿಸಿದ ಭಾಗಗಳು, ಮುಂದಿನ ಗಡುವು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ. ಕಾರಿನ ಕಾಗದಪತ್ರದಲ್ಲೂ ಒಂದು ಪ್ರತಿ ಇಡಿ. ಹಳೆಯ ಕಾರು ಕೊಳ್ಳುವವರು ಬಣ್ಣ ನೋಡುವ ಮುನ್ನ ಆ ದಿನಾಂಕವನ್ನು ಕೇಳಿ. ದಾಖಲೆ ಸಿಗದಿದ್ದರೆ ಬೆಲ್ಟಿನ ಗಡುವು ಮುಗಿದಿದೆ ಎಂದೇ ತಿಳಿದು, ಮೊದಲು ಅದನ್ನು ಬದಲಿಸಿದ ಮೇಲೆ ಘಾಟಿ ಹತ್ತಿ.